ಡ್ರಾಪ್-ಅವೇ ರೆಸ್ಟ್: ಕಾಂಪೌಂಡ್ ಬಿಲ್ಲಿನಲ್ಲಿ ಅಳವಡಿಕೆ ಮತ್ತು ಹೊಂದಾಣಿಕೆ

ಹೆದೆ ಎಳೆದು ಗುರಿ ಹಿಡಿಯುವಷ್ಟು ಹೊತ್ತು ಬಾಣವನ್ನು ಹೊತ್ತುಕೊಂಡಿದ್ದು, ಬಾಣ ಹೊರಟೊಡನೆ ಅದರ ಗರಿಗೆ ತಾಗದಂತೆ ಕೆಳಗೆ ಬಿದ್ದು ದಾರಿ ಬಿಡುವ ಆಸರೆಗೆ ಡ್ರಾಪ್-ಅವೇ ರೆಸ್ಟ್ ಎಂದು ಹೆಸರು. ಇದು ಕಾಂಪೌಂಡ್ ಬಿಲ್ಲಿನ ಉಪಕರಣ. ಬಿಲ್ಲಿನ ನಡುಭಾಗವಾದ ರೈಸರ್‌ಗೆ ಇದನ್ನು ಸ್ಕ್ರೂ ಹಾಕಿ ಕೂರಿಸುತ್ತಾರೆ. ಒಂದು ತೆಳು ದಾರ ಇದನ್ನು ಬಿಲ್ಲಿನ ಕೇಬಲ್‌ಗೋ ಲಿಂಬ್ ಎಂಬ ಬಾಗುವ ತೋಳಿಗೋ ಜೋಡಿಸುತ್ತದೆ. ಬಾಣವನ್ನು ಹಿಡಿದಿಡುವುದು ಇದರ ಅರ್ಧ ಕೆಲಸ, ಸರಿಯಾದ ಹೊತ್ತಿಗೆ ಬಾಣದ ಹಾದಿಯಿಂದ ಸರಿಯುವುದು ಉಳಿದರ್ಧ. ಅಂಗಡಿಯಿಂದ ತಂದ ರೆಸ್ಟ್ ಮೊದಲ ಅರ್ಧವನ್ನು ಹೆಚ್ಚು ಶ್ರಮವಿಲ್ಲದೆ ಮಾಡಿಬಿಡುತ್ತದೆ. ಎರಡನೆಯದು ಬಿಲ್ಲುಗಾರ ಕೂತು ಹೊಂದಿಸಿದರೆ ಮಾತ್ರ ಆಗುವಂಥದ್ದು.

ಹಿನ್ನೆಲೆ

ಹಳೆಯ ಬಿಲ್ಲುಗಳಲ್ಲಿ ಬಾಣಕ್ಕೆ ಬೇರೆ ಆಸರೆ ಇರಲಿಲ್ಲ, ಬಿಲ್ಲು ಹಿಡಿದ ಮುಷ್ಟಿಯೇ ಆಸರೆ. ಕರ್ನಾಟಕದ ವೀರಗಲ್ಲುಗಳಲ್ಲಿ ಕಾಣುವ ಬಿಲ್ಲಾಳುಗಳು ಹಾಗೆಯೇ ಬಾಣ ಹೂಡುತ್ತಿದ್ದವರು. ಬಿದಿರಿನ ಅಥವಾ ಮರದ ಬಾಣ, ಹಕ್ಕಿಯ ಗರಿ, ಬೆರಳಿನ ಎಳೆತ ಇವಿಷ್ಟು ಕೂಡಿದ ಬಿಲ್ಲಿಗೆ ಮುಷ್ಟಿಯ ಆಸರೆ ಸಾಕಾಗುತ್ತಿತ್ತು. ಮೃದುವಾದ ಗರಿ ತಾಗಿದರೂ ಮಡಚಿಕೊಂಡು ಹಾದುಹೋಗುತ್ತದೆ.

ಇಂದಿನ ಒಲಿಂಪಿಕ್ ರಿಕರ್ವ್ ಬಿಲ್ಲಿನಲ್ಲೂ ರೆಸ್ಟ್ ಎಂದರೆ ಒಂದು ತೆಳು ತಂತಿ, ಪಕ್ಕದಲ್ಲಿ ಸ್ಪ್ರಿಂಗ್ ಇರುವ ಒಂದು ಗುಂಡಿ, ಅಷ್ಟೆ. ಬೆರಳು ಬಿಟ್ಟಾಗ ಹೆದೆ ಒಂದು ಬದಿಗೆ ಸರಿದು ಮುಂದಕ್ಕೆ ಹೋಗುತ್ತದೆ. ಬಾಣ ಅಡ್ಡಡ್ಡ ಬಳುಕುತ್ತದೆ, ಆ ಬಳುಕಿನಲ್ಲೇ ರೆಸ್ಟ್‌ನಿಂದ ದೂರವಾಗುತ್ತದೆ. ಅಲ್ಲಿ ಆಸರೆ ಬೀಳಬೇಕಾಗಿಲ್ಲ.

ಕಾಂಪೌಂಡ್ ಬಿಲ್ಲು ಈ ಸ್ಥಿತಿಯನ್ನು ಬದಲಿಸಿತು. ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಆ್ಯಲನ್ 1966ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ, 1969ರಲ್ಲಿ ಪೇಟೆಂಟ್ ಪಡೆದ ಈ ಬಿಲ್ಲಿನ ತುದಿಗಳಲ್ಲಿ ಗಾಲಿಗಳಿವೆ. ಆ ಗಾಲಿಗಳು ಈಗ ಕ್ಯಾಮ್ ಎಂಬ ಅಂಕುಡೊಂಕು ಆಕಾರ ಪಡೆದಿವೆ. ಎಳೆತದ ನಡುವೆ ಪೂರ್ತಿ ಭಾರ ಬೀಳುತ್ತದೆ, ಕೊನೆಯಲ್ಲಿ ಭಾರ ಇಳಿದುಹೋಗುತ್ತದೆ. 60 ಪೌಂಡಿನ ಬಿಲ್ಲನ್ನು ಪೂರ್ತಿ ಎಳೆದು ನಿಂತಾಗ ಕೈಯಲ್ಲಿ ಉಳಿಯುವುದು ಸುಮಾರು 12ರಿಂದ 20 ಪೌಂಡ್. ಹೆದೆಯನ್ನು ಬಿಡುವುದು ಬೆರಳಲ್ಲ, ರಿಲೀಸ್ ಎಂಬ ಸಾಧನ. ಹೀಗಾಗಿ ಹೆದೆ ಬಹುಮಟ್ಟಿಗೆ ನೇರವಾಗಿ ಮುಂದಕ್ಕೆ ಧಾವಿಸುತ್ತದೆ, ಬಾಣವೂ ನೇರವಾಗಿ ಹೋಗುತ್ತದೆ. ಬಾಣ ತಾನಾಗಿ ಆಸರೆಯಿಂದ ಪಕ್ಕಕ್ಕೆ ಸರಿಯುವುದಿಲ್ಲ. ಮೇಲಾಗಿ ಈಗಿನ ಗರಿ ಪ್ಲಾಸ್ಟಿಕ್ಕಿನದು, ತಾಗಿದರೆ ಮಡಚುವುದಿಲ್ಲ, ಬಾಣದ ಬಾಲವನ್ನೇ ಒದೆಯುತ್ತದೆ.

ಈ ಒದೆತ ತಪ್ಪಿಸಲು ಹಲವು ದಾರಿಗಳನ್ನು ಹುಡುಕಿದರು. ನಡುವೆ ಗರಿ ನುಸುಳುವಂತೆ ಎರಡು ಕಡ್ಡಿಗಳ ಕವೆ, ಬಾಣದ ಭಾರಕ್ಕೆ ಬಗ್ಗುವ ತೆಳು ಉಕ್ಕಿನ ನಾಲಿಗೆ, ಬಾಣವನ್ನು ಸುತ್ತಲೂ ಕುಂಚದ ಕೂದಲಿನಿಂದ ಹಿಡಿಯುವ ಉಂಗುರ. ಇವೆಲ್ಲ ಈಗಲೂ ಬಳಕೆಯಲ್ಲಿವೆ. ಗುರಿ ಸ್ಪರ್ಧೆಯ ಅನೇಕರು ಉಕ್ಕಿನ ನಾಲಿಗೆಯನ್ನೇ ಮೆಚ್ಚುತ್ತಾರೆ, ಏಕೆಂದರೆ ಅದರಲ್ಲಿ ಕೆಡುವ ಭಾಗಗಳು ಕಡಿಮೆ. ಡ್ರಾಪ್-ಅವೇ ರೆಸ್ಟ್ ಬೆಳೆದದ್ದು ಹೆಚ್ಚಾಗಿ ಅಮೆರಿಕದ ಬಿಲ್ಲು ಬೇಟೆಗಾರರ ನಡುವೆ. ದೊಡ್ಡ ಗರಿ, ಅಗಲ ಅಲಗಿನ ಬಾಣಗಳಿಗೆ ದಾರಿ ಬಿಡುವ ಆಸರೆ ಅವರಿಗೆ ಬೇಕಿತ್ತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವ್ಯಾಸಿ ಬೇಟೆಗೆ ಅವಕಾಶವಿಲ್ಲ. ಇಲ್ಲಿ ಈ ಉಪಕರಣಕ್ಕೆ ಇರುವ ಜಾಗ ಸ್ಪರ್ಧೆಯ ಅಂಗಳ ಮಾತ್ರ.

ಪುಣೆ ಮತ್ತು ಸಾತಾರ

ಅಂಥ ಸ್ಪರ್ಧೆಗೆ ಬಿಲ್ಲುಗಾರರನ್ನು ಬೆಳೆಸುವ ಒಂದು ಸೀಮೆ ಮಹಾರಾಷ್ಟ್ರದಲ್ಲಿದೆ. ಪುಣೆಯಿಂದ ಸೊಲ್ಲಾಪುರದ ಹೆದ್ದಾರಿಯಲ್ಲಿ ಸುಮಾರು 80 ಕಿಲೋಮೀಟರ್ ಬಂದರೆ ದೌಂಡ ತಾಲ್ಲೂಕಿನ ಕುರಕುಂಭ. ಸುತ್ತ ಮಳೆ ನೆರಳಿನ ಒಣ ಬಯಲು. ಕುರಕುಂಭದ ಪಶ್ಚಿಮಕ್ಕೂ ನೈರುತ್ಯಕ್ಕೂ ಇರುವ ಎರಡು ಊರುಗಳು ಭಾರತದ ಬಿಲ್ಲುಗಾರಿಕೆಯಲ್ಲಿ ಹೆಸರಾಗಿವೆ.

ಒಂದು ಪುಣೆ. ಸೇನೆಯ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್ 2001ರಲ್ಲಿ ಅಲ್ಲಿ ಶುರುವಾಯಿತು. ಒಲಿಂಪಿಕ್ಸ್ ಗುರಿಯಾಗಿ ಅದು ತರಬೇತಿ ಕೊಡುವ ಆಟಗಳಲ್ಲಿ ಬಿಲ್ಲುಗಾರಿಕೆಯೂ ಒಂದು. ಸಾತಾರ ಜಿಲ್ಲೆಯ ಫಲಟಣ ತಾಲ್ಲೂಕಿನ ಪ್ರವೀಣ ಜಾಧವ್ ಈ ಸಂಸ್ಥೆಯಲ್ಲಿ ಪಳಗಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಡಿದರು. ಅವರದು ರಿಕರ್ವ್ ಬಿಲ್ಲು.

ಇನ್ನೊಂದು ಸಾತಾರ. ಅಲ್ಲಿಯ ದೃಷ್ಟಿ ಅಕಾಡೆಮಿಯಲ್ಲಿ ತರಬೇತುದಾರ ಪ್ರವೀಣ ಸಾವಂತ್ ಅವರ ಕೈಯಲ್ಲಿ ಕಾಂಪೌಂಡ್ ಬಿಲ್ಲು ಹಿಡಿದ ಇಬ್ಬರು 2023ರ ಆಗಸ್ಟ್ 5ರಂದು ಬರ್ಲಿನ್‌ನಲ್ಲಿ ಒಂದೇ ದಿನ ವಿಶ್ವ ಚಾಂಪಿಯನ್ ಆದರು. 17 ವರ್ಷದ ಅದಿತಿ ಸ್ವಾಮಿ ಮಹಿಳೆಯರ ಫೈನಲ್ ಅನ್ನು 149-147ರಿಂದ ಗೆದ್ದರೆ, ಓಜಸ್ ದೇವತಳೆ ಪುರುಷರ ಫೈನಲ್‌ನಲ್ಲಿ 15ಕ್ಕೆ 15 ಬಾಣವನ್ನೂ ಹತ್ತಕ್ಕೆ ಹೊಡೆದು 150-149ರಿಂದ ಗೆದ್ದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಕಾಂಪೌಂಡ್ ವಿಭಾಗದ ಐದೂ ಚಿನ್ನ ಭಾರತಕ್ಕೆ ಬಂದವು. 2025ರ ಏಪ್ರಿಲ್‌ನಲ್ಲಿ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಲಾಸ್ ಏಂಜಲೀಸ್ 2028ರ ಒಲಿಂಪಿಕ್ಸ್ ಪಟ್ಟಿ ಸೇರಿತು. ಹಾಗಾಗಿ ಈ ಸೀಮೆಯ ಹುಡುಗ ಹುಡುಗಿಯರಿಗೆ ಕಾಂಪೌಂಡ್ ಬಿಲ್ಲಿನ ಬಿಡಿಭಾಗಗಳ ಅರಿವು ಈಗ ಮೊದಲಿಗಿಂತ ಹೆಚ್ಚು ಬೇಕಾಗಿದೆ. ಒಂದು ಪಾಯಿಂಟ್‌ನಲ್ಲಿ ಫೈನಲ್ ತೀರ್ಮಾನವಾಗುವ ಆಟದಲ್ಲಿ ಗರಿ ಒಮ್ಮೆ ತಾಗಿದರೂ ಪದಕ ಕೈತಪ್ಪಬಹುದು.

ರಚನೆ ಮತ್ತು ಬಗೆಗಳು

ಬಾಣ ಕೂರುವ ಕವೆಯನ್ನು ಲಾಂಚರ್ ಎನ್ನುತ್ತಾರೆ. ಅದು ಒಂದು ಅಡ್ಡ ದಂಡದ ಮೇಲೆ ತಿರುಗುತ್ತದೆ. ದಂಡದ ಇನ್ನೊಂದು ತುದಿಯಲ್ಲಿ ಸಣ್ಣ ಸನ್ನೆ, ಸನ್ನೆಗೆ ದಾರ, ಒಳಗೆ ಸ್ಪ್ರಿಂಗ್. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸರಿಸಲು ಗೀಟು ಹಾಕಿದ ಎರಡು ಹೊಂದಿಸುವ ತಿರುಪುಗಳು. ಒಳ್ಳೆಯ ರೆಸ್ಟ್‌ಗೂ ಸಾಧಾರಣ ರೆಸ್ಟ್‌ಗೂ ವ್ಯತ್ಯಾಸ ಎದ್ದು ಕಾಣುವುದು ಈ ತಿರುಪುಗಳಲ್ಲೇ. ಬಿಗಿ ಮಾಡುವಾಗ ಗುರುತು ಕದಲದಿದ್ದರೆ ಅದು ಒಳ್ಳೆಯದು.

ದಾರ ಎಲ್ಲಿಗೆ ಕಟ್ಟಿದೆ ಎಂಬುದರ ಮೇಲೆ ಮುಖ್ಯ ಎರಡು ಬಗೆ. ಕೇಬಲ್‌ನಿಂದ ನಡೆಯುವ ರೆಸ್ಟ್‌ನಲ್ಲಿ ಲಾಂಚರ್ ಸಹಜವಾಗಿ ಕೆಳಗಿರುತ್ತದೆ. ಹೆದೆ ಎಳೆದಂತೆ ಬಿಲ್ಲಿನ ಒಂದು ಕೇಬಲ್ ಕೆಳಗೆ ಸರಿಯುತ್ತದೆ, ಆ ಕೇಬಲ್‌ಗೆ ಕಟ್ಟಿದ ದಾರ ಜಗ್ಗಿ ಲಾಂಚರನ್ನು ಎಬ್ಬಿಸುತ್ತದೆ. ಬಿಟ್ಟಾಗ ಕೇಬಲ್ ಮೇಲೇರಿ ದಾರ ಸಡಿಲವಾಗುತ್ತದೆ, ಸ್ಪ್ರಿಂಗ್ ಲಾಂಚರನ್ನು ಕೆಡವುತ್ತದೆ. ಲಿಂಬ್‌ನಿಂದ ನಡೆಯುವುದರಲ್ಲಿ ಎಲ್ಲ ತಿರುವುಮುರುವು. ಬಿಲ್ಲು ಸುಮ್ಮನಿರುವಾಗ ಕೆಳಗಿನ ಲಿಂಬ್‌ಗೆ ಕಟ್ಟಿದ ದಾರ ಬಿಗಿಯಾಗಿದ್ದು ಲಾಂಚರನ್ನು ಕೆಳಗೆ ಹಿಡಿದಿರುತ್ತದೆ. ಎಳೆತದಲ್ಲಿ ಲಿಂಬ್ ಬಾಗಿ ದಾರ ಸಡಿಲಿದಾಗ ಸ್ಪ್ರಿಂಗ್ ಲಾಂಚರನ್ನು ಎತ್ತುತ್ತದೆ. ಬಿಟ್ಟಾಗ ಲಿಂಬ್ ಹಿಂದಕ್ಕೆ ಚಿಮ್ಮಿ ದಾರವನ್ನು ಜಗ್ಗಿ ಲಾಂಚರನ್ನು ಕೆಳಕ್ಕೆಳೆಯುತ್ತದೆ.

ಎರಡಕ್ಕೂ ಇರುವ ನಿಜವಾದ ವ್ಯತ್ಯಾಸ ಬಾಣಕ್ಕೆ ಎಷ್ಟು ಹೊತ್ತು ಆಸರೆ ಸಿಗುತ್ತದೆ ಎಂಬುದು. ಕೇಬಲ್ ಬಗೆಯಲ್ಲಿ ಲಾಂಚರ್ ಎಳೆತದ ಕೊನೆಗೆ ಏಳುತ್ತದೆ, ಆದ್ದರಿಂದ ಬಿಟ್ಟೊಡನೆ ಬೀಳಲು ತೊಡಗುತ್ತದೆ. ಬಾಣ ಹೆದೆಯ ಮೇಲೆಯೇ ನಂಬಿಕೆಯಿಟ್ಟು ಉಳಿದ ದಾರಿ ಸಾಗಬೇಕು. ಲಿಂಬ್ ಬಗೆಯಲ್ಲಿ ಲಾಂಚರ್ ಎಳೆತದ ಆರಂಭದಲ್ಲೇ ಎದ್ದು, ಹೆದೆ ಮುಂದೆ ಸಾಗುವ ಬಹುಪಾಲು ದೂರ ಬಾಣವನ್ನು ನಡೆಸಿ, ಕೊನೆಯಲ್ಲಿ ದಾರದ ಬಲದಿಂದ ತಟ್ಟನೆ ಇಳಿಯುತ್ತದೆ. ಕೈ ಇನ್ನೂ ಪಳಗದ ಬಿಲ್ಲುಗಾರರಿಗೆ ಲಿಂಬ್ ಬಗೆಯೇ ಮೇಲು. ಅದನ್ನು ಕಟ್ಟುವುದೂ ಸುಲಭ, ಕೇಬಲ್‌ನ ಎಳೆಗಳನ್ನು ಬಿಡಿಸಬೇಕಾಗಿಲ್ಲ.

ಇವೆರಡರ ನಡುವೆ, ಹೆಬ್ಬೆರಳಿಂದ ಎತ್ತಿದರೆ ಅಲ್ಲೇ ಕಚ್ಚಿ ನಿಲ್ಲುವ, ಬಾಣ ಬಿಟ್ಟಾಗಿನ ರಭಸಕ್ಕೆ ಮಾತ್ರ ಬೀಳುವ ಬೀಗದ ರೆಸ್ಟ್ ಇದೆ. ಎಳೆದು ಮನಸ್ಸು ಬದಲಿಸಿ ಹೆದೆಯನ್ನು ನಿಧಾನ ಇಳಿಸಿದರೆ ಅದು ಬೀಳುವುದಿಲ್ಲ. ಮೇಲೆ ಒಂದು ಕಮಾನು ಇರುವುದರಿಂದ ಬಿಲ್ಲನ್ನು ಓರೆ ಮಾಡಿದರೂ ಬಾಣ ಜಾರದು. ಕ್ಯೂಎಡಿ, ಹ್ಯಾಮ್‌ಸ್ಕೀ, ವೇಪರ್ ಟ್ರೇಲ್, ರಿಪ್‌ಕಾರ್ಡ್ ಎಂಬವು ಈ ಉಪಕರಣ ಮಾಡುವವರಲ್ಲಿ ಹೆಸರಾದವು.

ಹನ್ನೆರಡು ಮಿಲಿಸೆಕೆಂಡಿನ ಲೆಕ್ಕ

28 ಇಂಚು ಎಳೆತದ ಬಿಲ್ಲಿನಲ್ಲಿ ಹೆದೆ ಬಾಣವನ್ನು ತಳ್ಳುವ ದೂರ ಸುಮಾರು ಅರ್ಧ ಮೀಟರ್. ಬಾಣ ಸೆಕೆಂಡಿಗೆ 85 ಮೀಟರ್ ವೇಗದಲ್ಲಿ ಹೊರಡುತ್ತದೆ ಎಂದುಕೊಂಡರೆ, ಆ ಅರ್ಧ ಮೀಟರಿಗೆ ಹಿಡಿಯುವ ಕಾಲ ಸುಮಾರು 12 ಮಿಲಿಸೆಕೆಂಡ್. ಬಿಲ್ಲು ಸುಮ್ಮನಿರುವಾಗ ಹೆದೆಗೂ ಹಿಡಿಗೂ ನಡುವೆ 18 ಸೆಂಟಿಮೀಟರ್ ಇರುತ್ತದೆ ಎನ್ನೋಣ. ಬಾಣದ ಬಾಲದಲ್ಲಿ ಹೆದೆಯನ್ನು ಕಚ್ಚಿರುವ ನಾಕ್ ಹೆದೆಯನ್ನು ಬಿಡುವುದು ಅಲ್ಲಿ. ಗರಿಯ ಮುಂದಿನ ತುದಿ ನಾಕ್‌ಗಿಂತ ಏಳೆಂಟು ಸೆಂಟಿಮೀಟರ್ ಮುಂದೆ, ಲಾಂಚರ್ ಹಿಡಿಗಿಂತ ನಾಲ್ಕು ಸೆಂಟಿಮೀಟರ್ ಹಿಂದೆ. ಹಾಗಾದರೆ ನಾಕ್ ಬಿಟ್ಟ ಮೇಲೆ ಗರಿ ಲಾಂಚರ್ ತಲುಪಲು ಉಳಿದ ದೂರ ಆರು ಸೆಂಟಿಮೀಟರ್ ಆಸುಪಾಸು, ಕಾಲ ಒಂದು ಮಿಲಿಸೆಕೆಂಡಿಗೂ ಕಡಿಮೆ.

ಈ 12-13 ಮಿಲಿಸೆಕೆಂಡಿನಲ್ಲಿ ಭೂಮಿಯ ಸೆಳೆತಕ್ಕೆ ಬಿಟ್ಟ ವಸ್ತು ಒಂದು ಮಿಲಿಮೀಟರ್ ಕೂಡ ಬೀಳುವುದಿಲ್ಲ. ಗರಿ ದಾಟಬೇಕಾದರೆ ಲಾಂಚರ್ ಕನಿಷ್ಠ ಒಂದು ಸೆಂಟಿಮೀಟರಿನಷ್ಟಾದರೂ ಇಳಿದಿರಬೇಕು. ಅಂದರೆ ಕೆಲಸ ಮಾಡುವುದೆಲ್ಲ ಸ್ಪ್ರಿಂಗ್ ಅಥವಾ ದಾರ. ಸ್ಪ್ರಿಂಗ್ ಸೋತರೆ, ದಾರ ಎರಡು ಮಿಲಿಮೀಟರ್ ಹಿಗ್ಗಿದರೆ, ಕಣ್ಣಿಗೆ ಎಲ್ಲ ಸರಿ ಕಂಡರೂ ಗರಿ ತಾಗುತ್ತಿರುತ್ತದೆ. ರೆಸ್ಟ್ ಹೊಂದಿಸುವಾಗ ಜಾಗಕ್ಕಿಂತ ಕಾಲಕ್ಕೆ ಮೊದಲ ಮಣೆ ಹಾಕಬೇಕಾದ ಕಾರಣ ಇದೇ.

ಅಳವಡಿಕೆ

ಮೊದಲು ಬಿಲ್ಲೇ ಸರಿಯಿರಬೇಕು. ಎರಡೂ ಕ್ಯಾಮ್‌ಗಳು ಒಟ್ಟಿಗೆ ತಮ್ಮ ಕೊನೆ ಮುಟ್ಟುತ್ತಿವೆಯೇ, ಹೆದೆ ಮತ್ತು ಕೇಬಲ್ ಹೊಸದಾಗಿದ್ದರೆ ನೂರಾರು ಬಾಣ ಬಿಟ್ಟು ಹಿಗ್ಗಿ ನಿಂತಿವೆಯೇ ಎಂದು ನೋಡದೆ ರೆಸ್ಟ್ ಕೂರಿಸುವುದು ದುಡಿಮೆಯನ್ನು ಎರಡು ಸಲ ಮಾಡಿದಂತೆ. ಕೇಬಲ್ ಹಿಗ್ಗಿದರೆ ಕಟ್ಟಿದ ದಾರದ ಲೆಕ್ಕವೂ ತಪ್ಪುತ್ತದೆ.

ರೈಸರ್‌ನಲ್ಲಿ ಹಿಡಿಯ ಮೇಲೆ ಬರ್ಗರ್ ರಂಧ್ರ ಎಂಬ ತಿರುಪಿನ ತೂತಿದೆ. ಅಮೆರಿಕದ ಬಿಲ್ಲುಗಾರ ವಿಕ್ ಬರ್ಗರ್ ಹೆಸರಿನದು. ರೆಸ್ಟ್ ಕೂರುವುದು ಇಲ್ಲಿ. ಹೊಸ ಬಿಲ್ಲುಗಳಲ್ಲಿ ರೈಸರ್‌ನ ಹಿಂಭಾಗದಲ್ಲಿ ತೋಡು ಕೊರೆದಿರುತ್ತಾರೆ, ರೆಸ್ಟ್ ಅದರಲ್ಲಿ ಜಾರಿ ಕೂರುತ್ತದೆ. ಇದರಲ್ಲಿ ರೆಸ್ಟ್ ಓರೆಯಾಗುವ ಸಂಭವ ಕಡಿಮೆ. ತೂತಿನ ಬಗೆಯಲ್ಲಿ ಒಂದೇ ಸ್ಕ್ರೂ ಮೇಲೆ ರೆಸ್ಟ್ ತಿರುಗಬಹುದು, ಹಾಗಾಗಿ ಬಿಗಿ ಮಾಡುವ ಮುನ್ನ ರಸಮಟ್ಟ ಇಟ್ಟು ನೋಡಬೇಕು.

ಬಿಲ್ಲನ್ನು ವೈಸ್‌ನಲ್ಲಿ ಹಿಡಿದು, ಹೆದೆ ನೆಟ್ಟಗೆ ಲಂಬವಾಗುವಂತೆ ನಿಲ್ಲಿಸಬೇಕು. ಬಾಣ ಹೂಡಿ ಲಾಂಚರನ್ನು ಕೈಯಿಂದ ಎತ್ತಿ ಹಿಡಿದಾಗ ಬಾಣ ಬರ್ಗರ್ ರಂಧ್ರದ ನಡುವಿನಲ್ಲಿ ಹಾದು, ಹೆದೆಗೆ ಮೂಲೆಮಟ್ಟದಲ್ಲಿರಬೇಕು. ಬಡಗಿಯ ಮೂಲೆಮಟ್ಟದಂತೆಯೇ ಇರುವ ಬೋ ಸ್ಕ್ವೇರ್ ಇದಕ್ಕೆ ಸಾಕು. ನಾಕ್ ಒಂದು ಎರಡು ಮಿಲಿಮೀಟರ್ ಮೇಲಿದ್ದರೆ ತಪ್ಪಿಲ್ಲ, ಕೆಳಗಿರಬಾರದು. ಎತ್ತರವನ್ನು ರೆಸ್ಟ್‌ನಿಂದ ತರುವುದೋ ರಿಲೀಸ್ ಸಿಕ್ಕಿಸಲು ಹೆದೆಗೆ ಕಟ್ಟುವ ಕುಣಿಕೆಯಾದ ಡಿ-ಲೂಪ್‌ನಿಂದ ತರುವುದೋ ಎಂಬ ಗೊಂದಲ ಬಂದರೆ, ರೆಸ್ಟನ್ನು ರಂಧ್ರದ ನಡುವಿಗೆ ನಿಲ್ಲಿಸಿ ಡಿ-ಲೂಪ್ ಅನ್ನೇ ಸರಿಸಿಕೊಳ್ಳುವುದು ಲೇಸು.

ಅಡ್ಡಕ್ಕೆ, ಬಾಣದ ನಡುಗೆರೆ ರೈಸರ್‌ನ ಗೋಡೆಯಿಂದ ಎಷ್ಟು ದೂರ ಎಂಬುದನ್ನು ಬಿಲ್ಲು ಮಾಡಿದವರು ಹೇಳಿರುತ್ತಾರೆ. ಅನೇಕ ಬಿಲ್ಲುಗಳಲ್ಲಿ ಅದು 13/16 ಇಂಚು, ಅಂದರೆ 20.6 ಮಿಲಿಮೀಟರ್. ಇದು ಆರಂಭದ ಅಳತೆ ಮಾತ್ರ, ಗುರಿಹಲಗೆಯ ಮುಂದೆ ಸ್ವಲ್ಪ ಬದಲಾಗುತ್ತದೆ.

ದಾರ ಕಟ್ಟುವುದು

ಕೇಬಲ್ ಬಗೆಯಲ್ಲಿ ಮೊದಲು ದಾರವನ್ನು ಕ್ಲಿಪ್ಪಿನಿಂದ ತಾತ್ಕಾಲಿಕವಾಗಿ ಹಿಡಿಸಬೇಕು. ಬಿಲ್ಲನ್ನು ಡ್ರಾ ಬೋರ್ಡ್ ಮೇಲೆ ಕೂರಿಸಿ ಕೈಚಕ್ರದಿಂದ ನಿಧಾನ ಎಳೆದರೆ ಲಾಂಚರ್ ಯಾವಾಗ ಏಳುತ್ತದೆ ಎಂದು ಎದುರಿಗೇ ಕಾಣುತ್ತದೆ. ಬೋರ್ಡ್ ಇಲ್ಲದಿದ್ದರೆ ಒಬ್ಬರು ಗುರಿಹಲಗೆಯ ಕಡೆಗೇ ಮುಖ ಮಾಡಿ, ಬಾಣ ಹೂಡಿಯೇ ಎಳೆಯಬೇಕು, ಇನ್ನೊಬ್ಬರು ಪಕ್ಕದಿಂದ ನೋಡಬೇಕು. ಬಾಣವಿಲ್ಲದೆ ಎಳೆದು ರಿಲೀಸ್ ಜಾರಿದರೆ ಲಿಂಬ್ ಸೀಳಬಹುದು, ಎಳೆದವರಿಗೂ ಪೆಟ್ಟಾಗಬಹುದು.

ಎಳೆತ ಮುಗಿಯಲು ಒಂದು ಇಂಚು ಉಳಿದಿರುವಾಗ ಲಾಂಚರ್ ಪೂರ್ತಿ ಎದ್ದು ನಿಂತಿರಬೇಕು. ದಾರ ಗಿಡ್ಡವಾದರೆ ಲಾಂಚರ್ ಬೇಗ ಏಳುತ್ತದೆ, ಉಳಿದ ಎಳೆತವೆಲ್ಲ ದಾರವನ್ನೂ ಕೇಬಲನ್ನೂ ಹಿಂಸಿಸುತ್ತದೆ. ಬೇಗ ಎದ್ದದ್ದು ತಡವಾಗಿ ಬೀಳುತ್ತದೆ, ಗರಿ ತಾಗುತ್ತದೆ. ದಾರ ಉದ್ದವಾದರೆ ಲಾಂಚರ್ ಪೂರ್ತಿ ಏಳುವುದೇ ಇಲ್ಲ. ಆಗ ಬಿಲ್ಲುಗಾರ ಹೆದೆಯನ್ನು ಒಂದು ಕೂದಲೆಳೆ ಹೆಚ್ಚು ಕಡಿಮೆ ಎಳೆದಂತೆ ಬಾಣದ ಎತ್ತರ ಬದಲಾಗುತ್ತದೆ, ಬಾಣಗಳು ಗುರಿಯಲ್ಲಿ ಮೇಲೆ ಕೆಳಗೆ ಚೆದುರುತ್ತವೆ. ಇಂಥ ಚೆದುರನ್ನು ಕಂಡು ತಮ್ಮ ಉಸಿರನ್ನೋ ಭುಜವನ್ನೋ ದೂರುವವರು ಬಹಳ. ಮೊದಲು ದಾರ ನೋಡಿ.

ಉದ್ದ ಖಚಿತವಾದ ಮೇಲೆ ಲಿಂಬ್‌ಗಳನ್ನು ಒತ್ತಿ ಹಿಡಿಯುವ ಬೋ ಪ್ರೆಸ್‌ನಲ್ಲಿ ಕೇಬಲನ್ನು ಸಡಿಲಿಸಿ, ಎಳೆಗಳನ್ನು ಸಮ ಎರಡು ಪಾಲು ಮಾಡಿ, ನಡುವೆ ದಾರ ತೂರಿಸಿ, ಮೇಲೂ ಕೆಳಗೂ ಸರ್ವಿಂಗ್ ದಾರದಿಂದ ಬಿಗಿಯಾಗಿ ಸುತ್ತುತ್ತಾರೆ. ದಾರದ ತುದಿಯನ್ನು ಲೈಟರ್‌ನಿಂದ ಸುಟ್ಟು ಗುಂಡು ಮಾಡಿದರೆ ಗಂಟು ಜಾರದು. ಕಟ್ಟಿದ ಜಾಗದಲ್ಲಿ ಕೇಬಲ್ ಮೇಲೂ ದಾರದ ಮೇಲೂ ಬಿಳಿ ಪೆನ್ನಿನಿಂದ ಒಂದು ಗೆರೆ ಎಳೆದಿಟ್ಟರೆ ಮುಂದೆ ಜಾರಿದ್ದು ತಿಳಿಯುತ್ತದೆ.

ಲಿಂಬ್ ಬಗೆಯಲ್ಲಿ ಇಷ್ಟು ಕಷ್ಟವಿಲ್ಲ. ಕೆಳಗಿನ ಲಿಂಬ್‌ನ ಕ್ಲಿಪ್ಪಿಗೆ ದಾರ ಹಿಡಿಸಿ, ಬಿಲ್ಲು ಸುಮ್ಮನಿರುವಾಗ ಲಾಂಚರ್ ಪೂರ್ತಿ ಕೆಳಗೆ ಕೂತು ದಾರ ಬಿಗಿಯಾಗಿರುವಂತೆ ಮಾಡಬೇಕು. ಇಲ್ಲಿ ದಾರ ಬಿಗಿಯಾದಷ್ಟೂ ಲಾಂಚರ್ ತಡವಾಗಿ ಏಳುತ್ತದೆ, ಬೇಗ ಬೀಳುತ್ತದೆ. ಗರಿ ತಾಗುತ್ತಿದ್ದರೆ ಒಂದೆರಡು ಮಿಲಿಮೀಟರ್ ಬಿಗಿ ಮಾಡುವುದೇ ಮದ್ದು.

ಗರಿ ತಾಗುತ್ತಿದೆಯೇ

ಕಾಲಿಗೆ ಹಾಕುವ ಪೌಡರ್ ಸ್ಪ್ರೇಯನ್ನು ಗರಿಗಳ ಮೇಲೂ ಬಾಣದ ಹಿಂದಿನ ಗೇಣಿನ ಮೇಲೂ ತೆಳ್ಳಗೆ ಎರಚಿ ಒಂದು ಬಾಣ ಬಿಟ್ಟು ನೋಡುವುದು ಹಳೆಯ, ನಂಬಬಹುದಾದ ಪರೀಕ್ಷೆ. ಲಾಂಚರ್‌ನ ಕವೆಯಂಚಿಗೆ ಲಿಪ್‌ಸ್ಟಿಕ್ ಹಚ್ಚುವುದು ಇನ್ನೊಂದು ಬಗೆ. ಬಾಣದ ಉದ್ದಕ್ಕೆ ಗೆರೆ ಬಿದ್ದಿದ್ದರೆ ಚಿಂತೆಯಿಲ್ಲ, ಅದು ಲಾಂಚರ್ ಬಾಣವನ್ನು ನಡೆಸಿದ ಗುರುತು, ಗರಿಗಿಂತ ಸಾಕಷ್ಟು ಮುಂಚೆ ನಿಂತಿರಬೇಕು. ಗರಿಯ ತುದಿಯಲ್ಲಿ ಪುಡಿ ಒರೆಸಿಹೋಗಿದ್ದರೆ, ಯಾವ ಗರಿ, ಯಾವ ಬದಿ ಎಂದು ನೋಡಬೇಕು. ಕೆಳಗಿನ ಗರಿಗಳಾದರೆ ಲಾಂಚರ್ ತಡ. ಒಂದೇ ಬದಿಯ ಗರಿಯಾದರೆ ಕೇಬಲ್‌ಗೆ ತಾಗುತ್ತಿದೆ, ಆಗ ನಾಕ್ ಅನ್ನು ಸ್ವಲ್ಪ ತಿರುಗಿಸಿದರೆ ಸಾಕು. ಗರಿ ಯಾವ ದಿಕ್ಕಿಗಿದ್ದರೂ ಸರಿ ಎನ್ನುವುದು ಈ ರೆಸ್ಟ್‌ನ ದೊಡ್ಡ ಅನುಕೂಲ.

ಮೊಬೈಲ್‌ನ ನಿಧಾನ ಚಲನೆಯ ವಿಡಿಯೊ ಈಗ ಎಲ್ಲರ ಕೈಯಲ್ಲಿದೆ. ಸೆಕೆಂಡಿಗೆ 240 ಚಿತ್ರ ತೆಗೆದರೆ ಒಂದೊಂದು ಚಿತ್ರಕ್ಕೂ ನಾಲ್ಕು ಮಿಲಿಸೆಕೆಂಡ್ ಅಂತರ. ಬಾಣ ಹೊರಡುವ ಇಡೀ ಕ್ರಿಯೆ ಮೂರು ಚಿತ್ರಗಳಲ್ಲಿ ಮುಗಿದುಬಿಡುತ್ತದೆ. ಗರಿ ತಾಗಿತೇ ಎಂಬುದು ಅದರಲ್ಲಿ ತಿಳಿಯುವುದಿಲ್ಲ, ಪುಡಿಯೇ ಹೆಚ್ಚು ನಿಖರ. ಆದರೆ ಲಾಂಚರ್ ಕೆಳಗೆ ಬಡಿದು ಮತ್ತೆ ಮೇಲಕ್ಕೆ ಪುಟಿಯುತ್ತಿದ್ದರೆ ವಿಡಿಯೊದಲ್ಲಿ ಚೆನ್ನಾಗಿ ಕಾಣುತ್ತದೆ. ಹೀಗೆ ಪುಟಿದ ಲಾಂಚರ್ ಗರಿಯ ಹಿಂಬದಿಯನ್ನು ಹೊಡೆಯುವುದುಂಟು. ಬೀಳುವ ಜಾಗಕ್ಕೆ ಒಂದು ಪದರ ಫೆಲ್ಟ್ ಅಂಟಿಸಿದರೆ ಪುಟಿಯುವುದೂ ಸದ್ದೂ ಕಡಿಮೆಯಾಗುತ್ತವೆ.

ಕಾಗದ, ಗರಿಯಿಲ್ಲದ ಬಾಣ, ದೂರ

ಗರಿ ತಾಗುತ್ತಿಲ್ಲ ಎಂದು ಖಾತ್ರಿಯಾದ ಮೇಲಷ್ಟೇ ಕಾಗದದ ಪರೀಕ್ಷೆ. ಈ ಕ್ರಮ ತಪ್ಪಿಸಿದರೆ ಇಲ್ಲದ ರೋಗಕ್ಕೆ ಔಷಧಿ ಹುಡುಕಿದಂತಾಗುತ್ತದೆ. ಚೌಕಟ್ಟಿಗೆ ಬಿಗಿದ ಕಾಗದದ ಮೂಲಕ ಸುಮಾರು ಎರಡು ಮೀಟರ್ ದೂರದಿಂದ ಬಾಣ ಬಿಡುತ್ತಾರೆ. ಮೊನೆಯ ತೂತೂ ಗರಿಯ ಸೀಳುಗಳೂ ಒಂದೇ ಕೇಂದ್ರದಲ್ಲಿದ್ದರೆ ಬಾಣ ನೇರ ಹೋಗುತ್ತಿದೆ. ಬಾಲದ ಕಡೆ ಮೇಲೆ ಹರಿದಿದ್ದರೆ ರೆಸ್ಟ್ ಎತ್ತರಿಸಬೇಕು, ಕೆಳಗೆ ಹರಿದಿದ್ದರೆ ಇಳಿಸಬೇಕು. ಎತ್ತರಿಸಿದರೂ ಮೇಲಿನ ಹರಕು ಬದಲಾಗದಿದ್ದರೆ ಮತ್ತೆ ಪುಡಿ ಎರಚಿ ನೋಡಿ, ಎಲ್ಲೋ ತಾಗುತ್ತಿದೆ.

ಎಡ ಬಲದ ಹರಕಿಗೆ ಇಷ್ಟು ಸುಲಭದ ಸೂತ್ರ ಇಲ್ಲ. ಹಿಡಿಯ ಮೇಲೆ ಅಂಗೈ ತಿರುಚುವುದು, ಕ್ಯಾಮ್ ವಾಲಿರುವುದು, ಬಾಣದ ಗಡಸು ಬಿಲ್ಲಿನ ಬಲಕ್ಕೆ ಹೊಂದದಿರುವುದು, ರಿಲೀಸ್ ಕೆನ್ನೆಗೆ ಒತ್ತುವುದು, ಎಲ್ಲವೂ ಒಂದೇ ಬಗೆಯ ಹರಕು ಕೊಡಬಲ್ಲವು. ರೆಸ್ಟನ್ನು ಅರ್ಧ ಮಿಲಿಮೀಟರ್ ಸರಿಸಿ, ಮೂರು ಬಾಣ ಬಿಟ್ಟು, ಹರಕು ಕಿರಿದಾಯಿತೇ ಹಿರಿದಾಯಿತೇ ಎಂದು ನೋಡುವುದೇ ದಾರಿ. ಎರಡು ಮಿಲಿಮೀಟರ್ ಸರಿಸಿದರೂ ಹೋಗದ ಹರಕು ರೆಸ್ಟ್‌ನದಲ್ಲ. ಅದನ್ನು ರೆಸ್ಟ್‌ನಿಂದಲೇ ಸರಿಪಡಿಸಲು ಹೊರಟವರು ಬಿಲ್ಲಿನ ನಡುಗೆರೆಯನ್ನೇ ಕಳೆದುಕೊಳ್ಳುತ್ತಾರೆ.

ಅರ್ಧ ಮಿಲಿಮೀಟರ್ ಎಂದರೆ ಎಷ್ಟು? ಪೂರ್ತಿ ಎಳೆತದಲ್ಲಿ ನಾಕ್‌ಗೂ ಲಾಂಚರ್‌ಗೂ 65 ಸೆಂಟಿಮೀಟರ್ ಅಂತರ ಇದ್ದರೆ, ಲಾಂಚರ್ ಅರ್ಧ ಮಿಲಿಮೀಟರ್ ಸರಿದಾಗ ಬಾಣ ತೋರುವ ದಿಕ್ಕು 50 ಮೀಟರ್ ದೂರದಲ್ಲಿ ಸುಮಾರು ನಾಲ್ಕು ಸೆಂಟಿಮೀಟರ್ ಬದಲಾಗುತ್ತದೆ. ಕಾಂಪೌಂಡ್ ಸ್ಪರ್ಧೆಯ 80 ಸೆಂಟಿಮೀಟರ್ ಗುರಿಯಲ್ಲಿ ಹತ್ತರ ವೃತ್ತದ ಅಡ್ಡಳತೆಯೇ ಎಂಟು ಸೆಂಟಿಮೀಟರ್. ಗುರಿ ಹಿಡಿಯುವ ಸಾಧನವಾದ ಸೈಟ್ ತಿರುಗಿಸಿ ಈ ನಾಲ್ಕು ಸೆಂಟಿಮೀಟರನ್ನು ಸರಿಹೊಂದಿಸಬಹುದು. ಆದರೆ ಬಾಣ ಬಾಲ ಅಲ್ಲಾಡಿಸುತ್ತ ಹೋದರೆ ಗಾಳಿ ಅದನ್ನು ಒಂದೊಂದು ಸಲ ಒಂದೊಂದು ಕಡೆ ತಳ್ಳುತ್ತದೆ, ಅದನ್ನು ಯಾವ ಸೈಟೂ ಸರಿಪಡಿಸದು.

ಮುಂದಿನದು ಗರಿಯಿಲ್ಲದ ಬಾಣ. 18-20 ಮೀಟರಿನಲ್ಲಿ ಗರಿಯಿರುವ ಮೂರು, ಗರಿಯಿಲ್ಲದ ಎರಡು ಬಾಣ ಬಿಟ್ಟು ಎರಡೂ ಒಂದೇ ಜಾಗದಲ್ಲಿ ನಾಟುತ್ತವೆಯೇ ಎಂದು ನೋಡುತ್ತಾರೆ. ಗರಿಯಿಲ್ಲದ್ದು ಮೇಲೆ ನಾಟಿದರೆ ರೆಸ್ಟ್ ತುಸು ಇಳಿಸಬೇಕು, ಕೆಳಗಾದರೆ ಎತ್ತರಿಸಬೇಕು. ಗರಿ ಬಾಣದ ತಪ್ಪನ್ನು ಮುಚ್ಚುತ್ತದೆ, ಗರಿಯಿಲ್ಲದ ಬಾಣ ಬಿಚ್ಚಿ ತೋರಿಸುತ್ತದೆ. ಎಲ್ಲ ಪರೀಕ್ಷೆಗಳಲ್ಲಿ ಇದೇ ಹೆಚ್ಚು ಪ್ರಾಮಾಣಿಕ, ಇದೊಂದನ್ನು ಮಾಡಿದವರು ಕಾಗದವನ್ನು ಬಿಟ್ಟರೂ ನಷ್ಟವಿಲ್ಲ.

ಕೊನೆಗೆ ದೂರದ ಪರೀಕ್ಷೆ. ಗುರಿಹಲಗೆಗೆ ತೂಗುಗುಂಡಿನ ಗೆರೆಯಂತೆ ನೇರ ಪಟ್ಟಿ ಅಂಟಿಸಿ, ಹತ್ತಿರದಿಂದ ಶುರುಮಾಡಿ ಹಿಂದೆ ಹಿಂದೆ ಹೋಗುತ್ತ ಅದೇ ಬಿಂದುವಿಗೆ, ಅದೇ ಸೈಟ್‌ನಿಂದ ಹೊಡೆಯಬೇಕು. ಬಾಣಗಳು ನೇರ ಕೆಳಗಿಳಿಯಬೇಕು. ದೂರ ಹೋದಂತೆ ಎಡಕ್ಕೆ ಸರಿದರೆ ರೆಸ್ಟನ್ನು ಬಲಕ್ಕೆ, ಬಲಕ್ಕೆ ಸರಿದರೆ ಎಡಕ್ಕೆ, ಕೂದಲೆಳೆಯಷ್ಟು ಸರಿಸಬೇಕು.

ಹಿಂದೆ ಮುಂದೆ

ಎತ್ತರ, ಅಡ್ಡ ಎರಡನ್ನೂ ನೋಡಿ ಮೂರನೆಯದನ್ನು ಮರೆಯುವವರು ಹೆಚ್ಚು. ಲಾಂಚರ್ ಹಿಡಿಗಿಂತ ಎಷ್ಟು ಹಿಂದಿದೆ ಎಂಬುದು ಕೈಯ ತಿರುಚಿಗೆ ಬಿಲ್ಲು ಎಷ್ಟು ಸ್ಪಂದಿಸುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಹಿಡಿಯನ್ನು ಬೇಕೆಂದೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತುಸು ತಿರುಚಿ ಬಾಣ ಬಿಟ್ಟು, ಎರಡೂ ಎಷ್ಟು ದೂರ ಬೀಳುತ್ತವೆ ಎಂದು ನೋಡಿ, ರೆಸ್ಟನ್ನು ಹಿಂದಕ್ಕೋ ಮುಂದಕ್ಕೋ ಸರಿಸಿ ಮತ್ತೆ ನೋಡಬೇಕು. ಎರಡೂ ಗುಂಪು ಹತ್ತಿರವಾಗುವ ಒಂದು ಜಾಗ ಪ್ರತಿ ಬಿಲ್ಲಿಗೂ ಇರುತ್ತದೆ, ಸೈಟ್‌ನ ಕಡ್ಡಿ ಎಷ್ಟು ಮುಂದೆ ಚಾಚಿದೆ ಎಂಬುದೂ ಅದರಲ್ಲಿ ಸೇರಿದೆ. ಬಿಲ್ಲುಗಾರಿಕೆಯ ಜಾಗತಿಕ ಸಂಸ್ಥೆ ವರ್ಲ್ಡ್ ಆರ್ಚರಿಯ ನಿಯಮದಂತೆ ಕಾಂಪೌಂಡ್ ಬಿಲ್ಲಿನಲ್ಲಿ ಆಸರೆಯ ಒತ್ತು ಬಿಂದು ಹಿಡಿಯ ಒಳಗುಳಿಯಿಂದ 6 ಸೆಂಟಿಮೀಟರಿಗಿಂತ ಹಿಂದೆ ಇರುವಂತಿಲ್ಲ. ವಿದ್ಯುತ್ತಿನ ಭಾಗಗಳಿಗೂ ಅವಕಾಶವಿಲ್ಲ.

ಒಣ ಬಯಲಿನಲ್ಲಿ ಆರೈಕೆ

ಕುರಕುಂಭ, ದೌಂಡದಂಥ ಬಯಲಿನಲ್ಲಿ ಬೇಸಿಗೆಯ ಬಿಸಿಲೂ ದೂಳೂ ರೆಸ್ಟ್‌ಗೆ ದೊಡ್ಡ ಪರೀಕ್ಷೆ. ತಿರುಗುವ ದಂಡಕ್ಕೆ ಎಣ್ಣೆ ಹಾಕಬಾರದು, ದೂಳು ಅಂಟಿ ಅರೆಯುವ ಲೇಪವಾಗುತ್ತದೆ. ಒಣ ಗ್ರಾಫೈಟ್ ಪುಡಿ, ಅದಿಲ್ಲದಿದ್ದರೆ ಕುಂಚದಿಂದ ದೂಳು ಒರೆಸುವುದು ಸಾಕು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಲ್ಲು ಬಿಟ್ಟರೆ ಹೆದೆಯ ಮೇಣ ಕರಗಿ ಕೇಬಲ್ ಹಿಗ್ಗುತ್ತದೆ, ಬಿಳಿ ಗೆರೆಗಳು ಜಾಗ ಬದಲಿಸಿರುತ್ತವೆ. ಮಳೆಗಾಲದಲ್ಲಿ ನೈಲಾನ್ ದಾರ ನೀರು ಕುಡಿಯುತ್ತದೆ, ನೆನೆದ ದಿನ ಲಾಂಚರ್ ಏಳುವ ಹೊತ್ತನ್ನು ಇನ್ನೊಮ್ಮೆ ನೋಡಬೇಕು. ದಾರದ ಎಳೆ ಒಂದು ಬಿಚ್ಚಿಕೊಂಡಿದ್ದರೂ ಬದಲಿಸಿಬಿಡುವುದು ಸರಿ, ಅದು ಇಡೀ ಬಿಲ್ಲಿನಲ್ಲೇ ಅಗ್ಗದ ಭಾಗ.

ಪಂದ್ಯಕ್ಕೆ ಹೋಗುವವರು ಅಲೆನ್ ಕೀ, ಸರ್ವಿಂಗ್ ದಾರ, ಲೈಟರ್ ಜೊತೆಗೆ ಎರಡನೆಯ ಬಿಲ್ಲನ್ನೂ ಒಯ್ಯುತ್ತಾರೆ. ವೈಯಕ್ತಿಕ ಪಂದ್ಯದಲ್ಲಿ ಒಬ್ಬರಾದ ಮೇಲೆ ಒಬ್ಬರು ಹೊಡೆಯುವಾಗ ಒಂದು ಬಾಣಕ್ಕೆ ಸಿಗುವುದು 20 ಸೆಕೆಂಡ್. ನಡುವೆ ಉಪಕರಣ ಕೆಟ್ಟರೆ ಹೆಚ್ಚುವರಿ ಸಮಯ ಕೊಡುವುದಿಲ್ಲ. ಹಾಗಾಗಿ ಆ ಎರಡನೆಯ ಬಿಲ್ಲಿನ ರೆಸ್ಟ್‌ಗೂ ದಾರ ಕಟ್ಟಿ, ಹಲವು ದಿನ ಹೊಡೆದು ಹಿಗ್ಗಿಸಿ, ಪುಡಿ ಎರಚಿ ನೋಡಿ, ತಿರುಪುಗಳ ಗುರುತನ್ನು ಡೈರಿಯಲ್ಲಿ ಬರೆದಿಟ್ಟುಕೊಂಡೇ ಅವರು ಅಂಗಳಕ್ಕೆ ಇಳಿಯುತ್ತಾರೆ.